ನಾಲ್ಕು ನಿಂಬೆಹಣ್ಣಿನ ದೂರ

1958ನೆಯ ಇಸವಿಯ ಮಹಾನವಮಿಯ ಬೆಳಗ್ಗೆ ಸಾದಲಿಯ ಮುನಿವೆಂಕಟಪ್ಪನವರ ಹಿತ್ತಿಲಿನಲ್ಲಿ ನಡೆದ ಸಂಗತಿಗಳ ಕ್ರಮ ಹೀಗಿದೆ. ಮೊದಲು, ಕಾರಿನ ಮುಂದಿನ ಸೀಟಿನಲ್ಲಿ ಕಾವಿಗೆ ಕೂತಿದ್ದ ಕೋಳಿಯನ್ನು ಮೊಟ್ಟೆಗಳ ಸಮೇತ ಬುಟ್ಟಿಗೆ ವರ್ಗಾಯಿಸಲಾಯಿತು. ಅನಂತರ ಕಾರನ್ನು ತೊಳೆದು, ಬಣ್ಣ ಉಳಿದಿದ್ದ ಜಾಗಗಳನ್ನು ಹುಡುಕಿ ಅರಿಶಿನ ಕುಂಕುಮ ಹಚ್ಚಲಾಯಿತು. ಮೂರನೆಯದಾಗಿ, ಮನೆಯ ಆಯುಧಗಳೆಲ್ಲ ಕಾರಿನ ಹಿಂದಿನ ಸೀಟಿಗೆ ಬಂದವು: ಗುದ್ದಲಿ, ಕುಡುಗೋಲು, ಹಿಪ್ಪುನೇರಳೆ ಸೊಪ್ಪು ಕತ್ತರಿಸುವ ಕತ್ತಿ, ಈಳಿಗೆಮಣೆ, ತಕ್ಕಡಿ, ಮತ್ತು ಮುನಿವೆಂಕಟಪ್ಪನವರ ಅಕ್ಕನ ಮಗ ರಾಮಾಂಜಿನಪ್ಪನಿಗೆ ಹಿಂದಿನ ವಾರವಷ್ಟೇ ಅಂಚೆಯಲ್ಲಿ ಬಂದಿದ್ದ ಬಿ.ಎಸ್ಸಿ. ಪದವಿಪತ್ರ. ನಾಲ್ಕನೆಯದಾಗಿ ಬೂದುಗುಂಬಳ ಒಡೆದು, ನಾಲ್ಕು ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟರು. ಕೊನೆಗೆ ಚಿಕ್ಕಬಳ್ಳಾಪುರದಿಂದ ಬಂದಿದ್ದ ಮೋಟಾರು ರಿಪೇರಿಯ ಬಯ್ಯಪ್ಪ ಮುಂಭಾಗಕ್ಕೆ ಹ್ಯಾಂಡಲ್ ಕೊಟ್ಟು ತಿರುಗಿಸಿದ. ಕಾರು ಹೊರಡಲಿಲ್ಲ.

ಕ್ರಮ ಅಲ್ಲಿಗೇ ನಿಂತಿತು. ರಾಮಾಂಜಿನಪ್ಪನ ಬದುಕೂ ಹೆಚ್ಚುಕಡಿಮೆ ಅಲ್ಲಿಗೇ ನಿಂತಿತು.

ಆ ಕಾರನ್ನು ಮುನಿವೆಂಕಟಪ್ಪನವರು ತನ್ನ ದೇಶಕ್ಕೆ ವಾಪಸು ಹೊರಟಿದ್ದ ಒಬ್ಬ ಇಂಗ್ಲಿಷ್ ದೊರೆಯ ಹರಾಜಿನಲ್ಲಿ ಕೊಂಡಿದ್ದರು. ಕೊಂಡ ಮೊದಲ ವರ್ಷ ಅದು ಚಿಂತಾಮಣಿಯವರೆಗೆ ಎರಡು ಸಲ ಹೋಗಿಬಂದದ್ದುಂಟು. ಪೆಟ್ರೋಲಿಗಾಗಿ ಪದೇಪದೇ ಶಿಡ್ಲಘಟ್ಟಕ್ಕೆ ಆಳು ಕಳಿಸುವುದು ಬೇಸರವಾಗಿ, ಕಾರನ್ನು ಹಿತ್ತಿಲಿನ ಹೊಂಗೆಮರದ ಕೆಳಗೆ ಬಿಟ್ಟರು. ಬಿಸಿಲು, ಮಳೆ, ಕೋಳಿಗಳು ಅದನ್ನು ಹಂಚಿಕೊಂಡವು. ಹೆಸರು ಬರೆದ ತಗಡು ಉದುರಿಹೋದ ಮೇಲೆ ಅದು ಯಾವ ಕಂಪನಿಯ ಕಾರು ಎಂಬುದನ್ನೂ ಯಾರೂ ಹೇಳುವಂತಿರಲಿಲ್ಲ. ಆದರೆ ವರ್ಷಕ್ಕೊಮ್ಮೆ, ಮಹಾನವಮಿಯ ದಿನ, ಬಯ್ಯಪ್ಪ ಬಂದು ಅದನ್ನು ಹೇಗೋ ಎಬ್ಬಿಸುತ್ತಿದ್ದ. ಕಾರು ಕೆಮ್ಮಿ, ಹೊಗೆ ಕಾರಿ, ನಾಲ್ಕು ನಿಂಬೆಹಣ್ಣುಗಳನ್ನು ತುಳಿದು, ಗೇಣುದ್ದ ಮುಂದೆ ಹೋಗಿ ಮುಂದಿನ ಮಹಾನವಮಿಯವರೆಗೆ ನಿದ್ರೆಹೋಗುತ್ತಿತ್ತು. ಸಾದಲಿಯಲ್ಲಿ ಅದರಷ್ಟು ನೇಮನಿಷ್ಠೆಯ ಪ್ರಯಾಣ ಮಾಡಿದ ಕಾರು ಇನ್ನೊಂದಿಲ್ಲ. ಇನ್ನೊಂದು ಕಾರೇ ಇರಲಿಲ್ಲ.

ಮುನಿವೆಂಕಟಪ್ಪನವರು ಕೈಹಾಕಿದ್ದನ್ನು ಅರ್ಧಕ್ಕೆ ಬಿಡುವವರಲ್ಲ. ಒಮ್ಮೆ ಶಿಡ್ಲಘಟ್ಟದಲ್ಲಿ ತಪ್ಪಿ ಗೌರಿಬಿದನೂರಿನ ಬಸ್ಸು ಹತ್ತಿದವರು, ಟಿಕೆಟ್ಟು ತೆಗೆದಾಗಿದೆ ಎಂಬ ಒಂದೇ ಕಾರಣಕ್ಕೆ ಗೌರಿಬಿದನೂರನ್ನು ಮುಟ್ಟಿ, ಅಲ್ಲಿ ಯಾವ ಕೆಲಸವೂ ಇಲ್ಲದೆ ಒಂದು ಕಾಫಿ ಕುಡಿದು ಹಿಂದಿರುಗಿದ್ದರು. ಅಂಥವರು ಅಂದು ಕಾರಿನ ಬಾಗಿಲು ಮುಚ್ಚಿ ತೀರ್ಪು ಕೊಟ್ಟರು: ಪೂಜೆ ಮುಗಿದಿಲ್ಲ, ಮುಗಿಯದ ಪೂಜೆಯಿಂದ ಆಯುಧ ಎತ್ತುವಂತಿಲ್ಲ, ಹೊಸ ಆಯುಧ ಕೊಳ್ಳುವುದೆಂದರೆ ಹೊಸ ಪೂಜೆ ಮಾಡಬೇಕು, ಆದ್ದರಿಂದ ಅದೂ ಇಲ್ಲ. ತಳ್ಳೋಣವೆಂದರೆ, ತಳ್ಳಿದರೆ ಹಣ್ಣು ತುಳಿದವರು ನಾವಾಗುತ್ತೇವೆಯೇ ಹೊರತು ಕಾರಲ್ಲ. ಎತ್ತು ಕಟ್ಟಿ ಎಳೆಸೋಣವೆಂದರೆ, ಎತ್ತುಗಳಿಗೆ ಸಂಕ್ರಾಂತಿಯಲ್ಲಿ ಅವುಗಳದ್ದೇ ಹಬ್ಬವಿದೆ, ಇದರಲ್ಲಿ ಅವುಗಳನ್ನು ಸೇರಿಸಬಾರದು.

ಮನೆ ಈ ತೀರ್ಪಿನ ಸುತ್ತ ಹೊಂದಿಕೊಂಡಿತು. ಮುನಿವೆಂಕಟಪ್ಪನವರ ಹೆಂಡತಿ ಓಬಳಮ್ಮ ಬದನೆಕಾಯಿಯನ್ನು ಕೈಯಲ್ಲೇ ಮುರಿದು ಹುಳಿ ಮಾಡುವುದನ್ನು ರೂಢಿಸಿಕೊಂಡರು. ವಾರಕ್ಕೊಮ್ಮೆ ಚಕ್ರದ ಮುಂದಿನ ಒಣಗಿದ ನಿಂಬೆಹಣ್ಣುಗಳನ್ನು ತೆಗೆದು ಹೊಸವನ್ನು ಇಡುವ ಕೆಲಸವೂ ಅವರ ಪಾಲಿಗೆ ಬಂತು. ರೇಷ್ಮೆಹುಳುಗಳಿಗೆ ಸೊಪ್ಪು ಕತ್ತರಿಸಲು ಪಕ್ಕದ ಮನೆಯ ಗಂಗುಲಪ್ಪನ ಕತ್ತಿ ಬೆಳಗ್ಗೆ ಬಂದು ಸಂಜೆ ಹೋಗುತ್ತಿತ್ತು. ಎಂಟು ತಿಂಗಳಲ್ಲಿ ಅದು ಸವೆದು ಹೋಳಿಗೆ ಮಗುಚುವ ಸಟ್ಟುಗದಂತಾದಾಗ ಗಂಗುಲಪ್ಪ ಬೇಲಿಯ ಆಚೆಯಿಂದಲೇ ಕೇಳತೊಡಗಿದ್ದ.

"ಏನಣ್ಣೋ, ನಿಮ್ಮ ಕಾರು ಇವತ್ತಾದ್ರೂ ಹೊರಡ್ತದಾ, ಇಲ್ಲಾ ನನ್ನ ಕತ್ತಿ ಪೂರ್ತಿ ಕರಗಿದ ಮೇಲೇನಾ?"

ರಾಮಾಂಜಿನಪ್ಪನ ಕಷ್ಟ ಕತ್ತಿಗಿಂತ ಹರಿತವಾಗಿತ್ತು. ಗೌರಿಬಿದನೂರಿನ ಒಂದು ಶಾಲೆಯಲ್ಲಿ ವಿಜ್ಞಾನದ ಮೇಷ್ಟರ ಕೆಲಸ ಖಾಲಿಯಿತ್ತು. ಮೂಲ ಪದವಿಪತ್ರ ತೋರಿಸಲಾಗದೆ ಅದು ಕೈತಪ್ಪಿತು. ಈಗ ಚಿಂತಾಮಣಿಯ ಒಂದು ಹೈಸ್ಕೂಲಿನಿಂದ ಕರೆ ಬಂದಿತ್ತು. ಆಗಸ್ಟ್ ಹತ್ತನೆಯ ತಾರೀಕು, ಸೋಮವಾರ, ಪದವಿಪತ್ರದೊಂದಿಗೆ ಹಾಜರಾಗಬೇಕು. ತಪ್ಪಿದರೆ ಪಟ್ಟಿಯಲ್ಲಿ ಎರಡನೆಯವನಿಗೆ ಕೆಲಸ. ಪದವಿಪತ್ರ ಕಳೆದುಹೋಗಿದೆಯೆಂದು ಬರೆದುಕೊಟ್ಟರೆ ಇನ್ನೊಂದು ಪ್ರತಿ ಸಿಗುತ್ತದೆಂದು ಸ್ನೇಹಿತರು ತಿಳಿಸಿದ್ದರು. ಆದರೆ ಅದು ಕಳೆದುಹೋಗಿರಲಿಲ್ಲ. ಪ್ರತಿದಿನ ಬೆಳಗ್ಗೆ ಹಲ್ಲುಜ್ಜುತ್ತ ಅವನು ಕಾರಿನ ಗಾಜಿನೊಳಗೆ ಇಣುಕಿದರೆ ಈಳಿಗೆಮಣೆಯ ಪಕ್ಕದಲ್ಲಿ ಅರಿಶಿನ ಮೆತ್ತಿಕೊಂಡು ಒರಗಿರುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಬಾಗಿಲು ತೆಗೆದು ಎತ್ತಿಕೊಳ್ಳಲು ಅರೆಗಳಿಗೆ ಸಾಕು. ಆದರೆ ತಂದೆಯಿಲ್ಲದ ಅವನನ್ನು ಸಾಕಿ, ಬೆಂಗಳೂರಿಗೆ ಕಳಿಸಿ ಓದಿಸಿದವರು ಮಾವ. ಅಂದು ಪದವಿಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಸೀಟಿನ ಮೇಲಿಟ್ಟವರೂ ಅವರೇ. "ನಮಗೆಲ್ಲ ಗುದ್ದಲಿ, ಕುಡುಗೋಲು. ನಿನ್ನ ಆಯುಧ ಇದು ಕಣಪ್ಪ" ಎಂದಾಗ ಅವರ ದನಿ ಸ್ವಲ್ಪ ನಡುಗಿತ್ತು. ಆ ಕೈಗಳಿಂದ ಅವನು ಕದಿಯಲಾರ.

ಕಾರು ಹೊರಡಬೇಕು, ಬೇರೆ ದಾರಿಯಿಲ್ಲ. ಜೂನ್ ತಿಂಗಳಲ್ಲಿ ಅವನು ಬಯ್ಯಪ್ಪನನ್ನು ಮತ್ತೆ ಕರೆಸಿದ. ಬಯ್ಯಪ್ಪ ಬಾನೆಟ್ಟು ಎತ್ತಿ ಬಹಳ ಹೊತ್ತು ತಲೆ ಒಳಗಿಟ್ಟುಕೊಂಡಿದ್ದ. ಹೊರಗೆ ಬಂದವನು ಕೈ ಒರೆಸಿಕೊಳ್ಳುತ್ತ, ಇಲಿಗಳು ವೈರನ್ನೆಲ್ಲ ತಿಂದಿವೆಯೆಂದೂ, ಚಕ್ರಗಳು ತುಕ್ಕು ಹಿಡಿದು ಅಚ್ಚಿಗೆ ಬೆಸೆದುಕೊಂಡಿವೆಯೆಂದೂ, ಇಂಜಿನ್ನಿನಲ್ಲಿ ಈಗ ಸರಿಯಾಗಿ ಕೆಲಸ ಮಾಡುತ್ತಿರುವುದು ಕಣಜದ ಗೂಡೊಂದೇ ಎಂದೂ ವರದಿ ಮಾಡಿದ. ಅದರೊಳಗಿನ ಒಂದು ಕಣಜ ಅವನ ಕಿವಿಗೆ ಕಚ್ಚಿತ್ತು.

ಜುಲೈನಲ್ಲಿ ಮಳೆ ಹಿಡಿಯಿತು. ಒಂದು ಬೆಳಗ್ಗೆ ಎಂದಿನಂತೆ ಗಾಜಿನೊಳಗೆ ಇಣುಕುವಾಗ ರಾಮಾಂಜಿನಪ್ಪನಿಗೆ ತನ್ನ ಸೊಂಟ ನೋಯುತ್ತಿರುವುದು ಗಮನಕ್ಕೆ ಬಂತು. ಯೋಚಿಸಿದ. ಜನವರಿಯಲ್ಲಿ ನೆಟ್ಟಗೆ ನಿಂತು ನೋಡುತ್ತಿದ್ದ ಪದವಿಪತ್ರವನ್ನು ಈಗ ಬಗ್ಗಿ ನೋಡಬೇಕಾಗಿದೆ. ಇದಕ್ಕೆ ಕಾರಣಗಳು ಎರಡೇ ಇರಲು ಸಾಧ್ಯ: ತಾನು ಬೆಳೆದಿರಬೇಕು, ಇಲ್ಲವೇ ಕಾರು ಇಳಿದಿರಬೇಕು. ತಾನು ಎತ್ತರ ಬೆಳೆಯುವ ವಯಸ್ಸು ದಾಟಿರುವುದರಿಂದ ಮೊದಲನೆಯದನ್ನು ಕೈಬಿಟ್ಟ. ಒಂದು ಕೋಲಿಗೆ ಸುಣ್ಣದ ಗೆರೆ ಎಳೆದು ಕಾರಿನ ಪಕ್ಕದಲ್ಲಿ ನೆಟ್ಟ. ವಾರದ ನಂತರ ಗೆರೆಗಿಂತ ಕಾರು ಒಂದು ಬೆರಳು ಕೆಳಗಿತ್ತು. ಓಬಳಮ್ಮನನ್ನು ವಿಚಾರಿಸಿದಾಗ ತಿಳಿಯಿತು: ಹಿಂದೆ ಅಲ್ಲಿ ಹುಳುವಿನ ಹಿಕ್ಕೆ ಮತ್ತು ಉಳಿದ ಸೊಪ್ಪು ಸುರಿಯುವ ದೊಡ್ಡ ತಿಪ್ಪೆಗುಂಡಿಯಿತ್ತು, ಮೇಲೆ ಮಣ್ಣು ಹರಡಿ ಮುಚ್ಚಿದ್ದರು. ವರ್ಷಕ್ಕೆ ಗೇಣುದ್ದದಂತೆ ಪ್ರಯಾಣ ಮಾಡುತ್ತ ಕಾರು ತಿಪ್ಪೆಯ ನೆತ್ತಿಗೆ ಬಂದು ತಲುಪಿತ್ತು.

ಅವನು ಮಂಡಿಯೂರಿ ಚಕ್ರಗಳನ್ನು ಪರೀಕ್ಷಿಸಿದ. ಚಕ್ರ ಕೆಳಗಿಳಿದಷ್ಟೂ ಅದರ ಹೊಟ್ಟೆಯ ಅಗಲವಾದ ಭಾಗ ನೆಲದ ಮಟ್ಟಕ್ಕೆ ಬರುತ್ತಿತ್ತು. ಮುಂದೆ ಇಟ್ಟಿದ್ದ ನಿಂಬೆಹಣ್ಣು ಟೈರಿಗೂ ನೆಲಕ್ಕೂ ನಡುವೆ ಸಿಕ್ಕಿ ಆಗಲೇ ಅಂಡಾಕಾರವಾಗಿತ್ತು. ಇನ್ನು ನಾಲ್ಕು ಬೆರಳು ಇಳಿದರೆ ಒಡೆಯುವುದು ನಿಶ್ಚಯ. ಆದರೆ ಈ ವೇಗದಲ್ಲಿ ಅದು ಆಗಸ್ಟ್ ಹತ್ತರೊಳಗೆ ಸಾಧ್ಯವಿರಲಿಲ್ಲ.

ಅವನು ಮಾವನ ಬಳಿ ಹೋಗಿ ವಿನಯದಿಂದ ಮೂರು ಪ್ರಶ್ನೆಗಳನ್ನು ಕೇಳಿದ. ಕಾರು ತನ್ನ ಸ್ವಂತ ಬಲದಿಂದಲೇ ಹಣ್ಣು ತುಳಿಯಬೇಕೆ? ಹೌದು. ಮುಂದಕ್ಕೇ ಹೋಗಬೇಕೆ? ಮುನಿವೆಂಕಟಪ್ಪನವರು ಎಲೆಯಡಿಕೆ ಜಗಿಯುತ್ತ ನೆನಪು ಮಾಡಿಕೊಂಡರು. ಮೂರು ವರ್ಷದ ಹಿಂದೆ ಬಯ್ಯಪ್ಪ ಎಷ್ಟು ಗುದ್ದಾಡಿದರೂ ಕಾರು ಹಿಂದಕ್ಕೆ ಮಾತ್ರ ಹೊರಟಿದ್ದರಿಂದ, ಹಣ್ಣುಗಳನ್ನು ಚಕ್ರದ ಹಿಂದಕ್ಕಿಟ್ಟು ಪೂಜೆ ಮುಗಿಸಿದ್ದರು. ಆದ್ದರಿಂದ ಇಂಥದೇ ದಿಕ್ಕು ಎಂದೇನೂ ಇಲ್ಲ. ಮೂರನೆಯದು, ಕಾರಿನಲ್ಲಿ ಜನ ಕೂತಿದ್ದರೆ ಅದು ಕಾರನ್ನು ತಳ್ಳಿದಂತಾಗುತ್ತದೆಯೆ?

"ಕಾರಿರೋದೇ ಕೂರೋಕೆ ಅಲ್ವೇನಪ್ಪ" ಎಂದರು ಮಾವ, ಓದಿದವರ ಸಂಶಯಗಳ ಬಗ್ಗೆ ಕನಿಕರಪಟ್ಟು.

ಆಗಸ್ಟ್ ಒಂಬತ್ತು, ಭಾನುವಾರ ಬೆಳಗ್ಗೆ ರಾಮಾಂಜಿನಪ್ಪ ಊರಿನಲ್ಲೆಲ್ಲ ತಿರುಗಿ, ಮಾವನವರ ಕಾರು ಇಂದು ಹೊರಡುವುದೆಂದೂ ಇಷ್ಟವಿದ್ದವರು ಬಂದು ಕೂರಬಹುದೆಂದೂ ತಿಳಿಸಿದ. ಎಲ್ಲಿಗೆ ಎಂದು ಕೇಳಿದವರಿಗೆ, ಬಹಳ ದೂರವೇನಿಲ್ಲ ಎಂದ. ಇದು ನಿಜವೂ ಆಗಿತ್ತು.

ಜನ ಬಂದರು. ತೊಳೆದ ಪಂಚೆಯುಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು, ಕೆಲವರು ರೊಟ್ಟಿಗಂಟು ಸಮೇತ ಬಂದರು. ಮುನಿವೆಂಕಟಪ್ಪನವರು ರುಮಾಲು ಸುತ್ತಿ ಸ್ಟಿಯರಿಂಗ್ ಹಿಡಿದರು. ಕಾರು ಮನೆಗೆ ಬಂದಾಗಿನಿಂದ ಒಮ್ಮೆಯೂ ಅದರಲ್ಲಿ ಕೂರದಿದ್ದ ಓಬಳಮ್ಮ ಅವರ ಪಕ್ಕದಲ್ಲಿ ಕೂತು, ಸೆರಗು ಬಿಗಿದು, ಎದುರಿನ ಹೊಂಗೆಮರವನ್ನು ಊರು ದಾಟುವವರಂತೆ ನೋಡಿದರು. ಹಿಂದಿನ ಸೀಟು ಆಯುಧಗಳಿಗೆ ಮೀಸಲಾದ್ದರಿಂದ ಉಳಿದವರು ಕಾರಿನ ಮಾಡಿನ ಮೇಲೆ, ಬಾನೆಟ್ಟಿನ ಮೇಲೆ, ಮಡ್‌ಗಾರ್ಡುಗಳ ಮೇಲೆ ಹತ್ತಿದರು. ಕಣಜಗಳು ಹೊರಬಂದು ನೋಡಿ, ಇಷ್ಟು ಜನರನ್ನು ಕಚ್ಚುವುದು ಆಗದ ಕೆಲಸವೆಂದು ಹೊಂಗೆಮರ ಸೇರಿದವು. ಮಾಡಿನ ಮೇಲಿದ್ದ ಮುದುಕನೊಬ್ಬ ಸ್ವಲ್ಪ ಹೊತ್ತಾದ ಮೇಲೆ, ಇದು ನಮ್ಮ ಬಸ್ಸಿಗಿಂತ ಮೇಲು, ಕುಲುಕುವುದೇ ಇಲ್ಲ ಎಂದು ಮೆಚ್ಚಿಕೊಂಡ. ಮುನಿವೆಂಕಟಪ್ಪನವರು ಬಾಯಲ್ಲೇ ಹಾರನ್ನು ಊದಿ, ದಾರಿಗೆ ಅಡ್ಡ ಬಂದ ಕರುವನ್ನು ಓಡಿಸಿದರು.

ಮಧ್ಯಾಹ್ನದ ಹೊತ್ತಿಗೆ ಮುಂದಿನ ಎಡಗಡೆಯ ಹಣ್ಣು ಒಡೆಯಿತು. ಮುಂದಿನ ಬಲಗಡೆಯದು ಅದನ್ನು ಹಿಂಬಾಲಿಸಿತು. ಜನ ರೊಟ್ಟಿ ಬಿಚ್ಚಿ ಊಟ ಮುಗಿಸುವಾಗ ಹಿಂದಿನ ಬಲಗಡೆಯಿಂದಲೂ ರಸ ಹರಿಯಿತು. ನಾಲ್ಕನೆಯದು ಮಾತ್ರ ದುಂಡಗೆ, ಹಸಿರಾಗಿ, ಯಾವ ಅಳುಕೂ ಇಲ್ಲದೆ ಕೂತಿತ್ತು. ಹಿಂದಿನ ಎಡಚಕ್ರ ಗುಂಡಿಯ ಅಂಚಿನಾಚೆ, ಗಟ್ಟಿ ನೆಲದ ಮೇಲಿತ್ತು. ರಾಮಾಂಜಿನಪ್ಪ ಪ್ರಯಾಣಿಕರನ್ನು ಆ ಮೂಲೆಗೆ ಸರಿಸಿದ. ಏನೂ ಆಗಲಿಲ್ಲ. ಸಂಜೆಯಾಗುತ್ತಿತ್ತು, ಚಿಂತಾಮಣಿಯ ಬಸ್ಸು ಬೆಳಗಾದರೆ ಹೊರಡುತ್ತದೆ. ಆ ಹಣ್ಣನ್ನು ಹೆಬ್ಬೆರಳಿನಿಂದ ಒತ್ತಿದರೂ ಸಾಕು, ಯಾರೂ ನೋಡುತ್ತಿಲ್ಲ ಎಂದು ಅವನಿಗೆ ಒಂದು ಕ್ಷಣ ಹೊಳೆಯಿತು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

ಆಗ ಬೇಲಿ ದಾಟಿ ಗಂಗುಲಪ್ಪ ಬಂದ. ಸಾದಲಿಯಲ್ಲಿ ಅವನಷ್ಟು ದಪ್ಪನೆಯ ಆಳು ಇನ್ನೊಬ್ಬನಿರಲಿಲ್ಲ.

"ನನ್ನ ಕತ್ತಿ ಬಿಡಿಸ್ಕಳಕ್ಕೆ ನಾನೂ ಕೂರ್ತೀನಿ ಕಣಪ್ಪ. ಜಾಗ ಎಲ್ಲೈತೆ?"

ಜಾಗ ಇರಲಿಲ್ಲ. ಅವನು ಎಡಗಡೆಯ ಫುಟ್‌ಬೋರ್ಡಿನ ಹಿಂದಿನ ತುದಿಗೆ ಒಂದು ಕಾಲಿಟ್ಟ, ಮಾಡಿನ ಅಂಚು ಹಿಡಿದ, ಇನ್ನೊಂದು ಕಾಲನ್ನೂ ಎತ್ತಿಟ್ಟ. ಹತ್ತು ವರ್ಷದ ತುಕ್ಕು ಒಂದು ಸಲ ನಿಟ್ಟುಸಿರು ಬಿಟ್ಟಿತು. ಫುಟ್‌ಬೋರ್ಡು ಹಿಂದಿನ ತುದಿಯಲ್ಲಿ ಕಳಚಿ, ಗಂಗುಲಪ್ಪನ ಸಮೇತ, ಚಕ್ರದ ಮುಂದಿನ ನೆಲದ ಮೇಲೆ ಕೂತಿತು.

ಎಲ್ಲರೂ ಇಳಿದರು. ತಗಡನ್ನು ಎತ್ತಿ ನೋಡಿದರೆ ನಾಲ್ಕನೆಯ ಹಣ್ಣು ಅಪ್ಪಚ್ಚಿಯಾಗಿತ್ತು. ಕೂಡಲೇ ಚರ್ಚೆ ಹುಟ್ಟಿತು. ತುಳಿದದ್ದು ಗಂಗುಲಪ್ಪ, ಕಾರಲ್ಲ ಎಂದು ಕೆಲವರು. ಚಕ್ರ ಮುಟ್ಟಿಯೇ ಇಲ್ಲ ಎಂದು ಮಾಡಿನ ಮೇಲಿದ್ದ ಮುದುಕ. ಮುನಿವೆಂಕಟಪ್ಪನವರು ಎಲ್ಲರನ್ನೂ ಸುಮ್ಮನಿರಿಸಿ ಅಳಿಯನ ಕಡೆ ತಿರುಗಿದರು.

"ನೀನು ಓದಿರೋನು. ಸುಳ್ಳು ಹೇಳಲ್ಲ ಅಂತ ನನಗೆ ಗೊತ್ತೈತೆ. ನೀನು ಮುಗೀತು ಅಂದ್ರೆ ಮುಗೀತು, ಇಲ್ಲ ಅಂದ್ರೆ ಇಲ್ಲ. ಹೇಳು."

ರಾಮಾಂಜಿನಪ್ಪ ಕಾರಿನ ಕಡೆ ನೋಡಿದ. ಗಾಜಿನಾಚೆ ಪದವಿಪತ್ರ ಕಾಣುತ್ತಿತ್ತು. ಬೇಕಾದ ಉತ್ತರ ನಾಲಿಗೆಯ ತುದಿಯಲ್ಲೇ ಇದ್ದದ್ದರಿಂದಲೇ ಅವನಿಗೆ ಅದರ ಮೇಲೆ ಅನುಮಾನ ಬಂತು. ಅವನು ಮತ್ತೆ ಮಂಡಿಯೂರಿ, ಹಣ್ಣನ್ನೂ ತಗಡನ್ನೂ ಗಂಗುಲಪ್ಪನ ಪಾದಗಳನ್ನೂ ಒಂದೊಂದಾಗಿ ಪರೀಕ್ಷಿಸಿದ. ಪಾದಗಳಿಗೆ ರಸ ಅಂಟಿರಲಿಲ್ಲ. ತಗಡಿನ ತಳಕ್ಕೆ ಅಂಟಿತ್ತು. ಗಂಗುಲಪ್ಪ ಆ ಹೊತ್ತಿನಲ್ಲಿ ನೆಲದ ಮೇಲಿರಲಿಲ್ಲ, ಕಾರಿನ ಮೇಲಿದ್ದ. ಆದ್ದರಿಂದ ಅವನು ತಳ್ಳಿದವನಲ್ಲ, ಪ್ರಯಾಣಿಕ. ತಗಡಿನ ಮುಂದಿನ ತುದಿ ಇನ್ನೂ ಕಾರಿಗೆ ಸೇರಿಕೊಂಡೇ ಇತ್ತು. ಆದ್ದರಿಂದ ಅದು ಕಾರು. ಇನ್ನೊಂದು ಸಲ ಮೊದಲಿನಿಂದ ಯೋಚಿಸಿದ. ಎಲ್ಲಿಯೂ ಬಿರುಕು ಕಾಣಲಿಲ್ಲ. ಮಂಡಿಯ ಮಣ್ಣು ಕೊಡವಿಕೊಂಡು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, ತರಗತಿಯಲ್ಲಿ ಹೇಳುವವನಂತೆ ಹೇಳಿದ:

"ನಾಲ್ಕು ನಿಂಬೆಹಣ್ಣುಗಳೂ ಕಾರಿನಿಂದಲೇ ಒಡೆದಿವೆ. ಕಾರು ಚಲಿಸಿದೆ. ಚಲನೆಯ ದಿಕ್ಕು, ಕೆಳಕ್ಕೆ."