ಕಪ್ಪು ಗಾಜಿನ ಫೋಟೋ

ಆ ಮನೆಯಲ್ಲಿ ಅಣ್ಣನದ್ದು ಅಂತ ಒಂದೇ ಒಂದು ನೆಟ್ಟಗಿನ ಫೋಟೋ ಇರಲಿಲ್ಲ. ಇರುವುದಾದರೂ ಹೇಗೆ? ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ ಆಸಾಮಿ, ಒಂದು ಕಡೆ ನಿಂತರಲ್ಲವೇ! ಅಕ್ಕನ ಮದುವೆ ಫೋಟೋದಲ್ಲೂ ಅವನ ಮುಖ ಕಲಸಿಹೋಗಿತ್ತು. ತಂಗಿ ಕ್ಯಾಮೆರಾದಿಂದಲೇ ಹೊಟ್ಟೆ ಹೊರೆಯುವವಳಾದ ಮೇಲೂ ಅಷ್ಟೇ. "ಮೊದ್ಲು ನಿನ್ನ ಏಡಿಗಳ ಫೋಟೋ ತೆಗಿಯೇ, ನಾನೆಲ್ಲಿ ಓಡಿಹೋಗ್ತೀನಿ?" ಅನ್ನುತ್ತಿದ್ದ, ಅವಳನ್ನು ಕೂರಿಸಿಕೊಂಡು ದೋಣಿ ನಡೆಸುತ್ತಾ.

ಹೋಗಿಯೇಬಿಟ್ಟ. ಕಳೆದ ಮಳೆಗಾಲ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಕಾಲುವೆಯಲ್ಲಿ ಬರೀ ದೋಣಿ ಸಿಕ್ಕಿತು. ಹುಡುಕಿದವರು ಕೈಚೆಲ್ಲಿದರು. ಅಮ್ಮ ಕೇಳಬೇಕಲ್ಲ! ಮಗ ಬಂದಾನೆಂದು ಬಾಗಿಲಿಗೆ ಚಿಲಕ ಹಾಕಗೊಡುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ತಂಗಿಯೂ ಆಸೆ ಬಿಟ್ಟಿರಲಿಲ್ಲ. ಕ್ಯಾಲೆಂಡರಿಗೆ ಚಿತ್ರ ಬೇಕು ಅಂತ ಅದೇ ಕಾಲುವೆಗೆ ಮತ್ತೆ ಮತ್ತೆ ಹೋಗುತ್ತಿದ್ದದ್ದು ಮತ್ಯಾತಕ್ಕೆ?

ಅವತ್ತು ಮಧ್ಯಾಹ್ನ, ಸಮುದ್ರದ ನೀರು ಇಳಿಯುವ ಹೊತ್ತು, ಕೆಸರಿನಿಂದ ಮೇಲೆದ್ದ ಬೇರುಗಳ ಎದುರು ಕ್ಯಾಮೆರಾ ಸ್ಟ್ಯಾಂಡ್ ಊರಿದಳು. ಲೆನ್ಸಿಗೆ ಬೆಳಕು ತಗ್ಗಿಸುವ ಕಪ್ಪು ಗಾಜು ಸಿಕ್ಕಿಸಿ ಷಟರನ್ನು ಐದು ನಿಮಿಷ ತೆರೆದಿಟ್ಟಳು. ಹಾಗೆ ತೆಗೆದರೆ ಅಲ್ಲಾಡುವುದೆಲ್ಲ ಅಳಿಸಿಹೋಗುತ್ತದೆ: ಅಲೆ, ಕೊಕ್ಕರೆ, ಏಡಿ. ಮನುಷ್ಯ ಎಷ್ಟೇ ಬಿಗಿಹಿಡಿದು ನಿಂತರೂ ಉಸಿರಾಡುತ್ತಾನಲ್ಲ, ಅವನೂ ಮಸುಕಾಗುತ್ತಾನೆ. ಕದಲದ್ದು ಮಾತ್ರ ಉಳಿಯುತ್ತದೆ. ಅಷ್ಟು ಹೊತ್ತೂ ಅವಳು ಕಣ್ಣು ನೆಟ್ಟು ನೋಡುತ್ತಲೇ ಇದ್ದಳು. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಮನೆಗೆ ಬಂದು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಚಿತ್ರ ನೋಡಿದಳು. ಬೇರುಗಳ ನಡುವೆ, ಮೊಣಕಾಲುದ್ದ ನೀರಲ್ಲಿ, ಅಣ್ಣ ನಿಂತಿದ್ದ. ಜೇಬು ಹರಿದ ಅದೇ ನೀಲಿ ಅಂಗಿ. ಬದುಕಿದ್ದಾನೆ ಅಂತ ಕೂಗಬೇಕೆಂದವಳು ಚಿತ್ರ ದೊಡ್ಡದು ಮಾಡಿದಳು. ಸುತ್ತಲಿನ ನೀರೆಲ್ಲ ಹೊಗೆಯಾಗಿತ್ತು, ಎಲೆಗಳು ಕಲಸಿದ್ದವು. ಅಣ್ಣನ ರೆಪ್ಪೆಗೂದಲು ಮಾತ್ರ ಎಣಿಸುವಷ್ಟು ಸ್ಪಷ್ಟವಾಗಿತ್ತು. ಕೂಗದೆ ಲ್ಯಾಪ್‌ಟಾಪ್ ಮುಚ್ಚಹೊರಟಳು.

ಮುಚ್ಚುವಷ್ಟರಲ್ಲಿ ಅಮ್ಮ ಹಿಂದೆ ಬಂದು ನಿಂತಿದ್ದಳು.

"ನಾನು ಬಡ್ಕೊಂಡೆನಲ್ಲೇ, ಇದಾನೆ ನನ್ನ ಮಗ ಅಂತ! ಯಾವ ಜಾಗ ಹೇಳು, ಈಗ್ಲೇ ಹೋಗಿ ಕರ್ಕೊಂಡು ಬರೋಣ."

ತಂಗಿ ಹೇಗೆ ಹೇಳುತ್ತಾಳೆ, ಪಾಪ! ಅಮ್ಮ ಕನ್ನಡಕ ಏರಿಸಿಕೊಂಡು, ಅಂಗೈಯಿಂದ ಪರದೆ ಒರೆಸುತ್ತಾ ಹತ್ತಿರ ಬಗ್ಗಿ ನಕ್ಕಳು.

"ಅಬ್ಬಾ, ಕೊನೆಗೂ ಒಂದು ಕಡೆ ನೆಟ್ಟಗೆ ನಿಂತ ನೋಡು! ಒಂಚೂರೂ ಅಲ್ಲಾಡಿಲ್ಲ."

ಒರೆಸುತ್ತಿದ್ದ ಕೈ ಅಲ್ಲೇ ನಿಂತಿತು.

"ಅಲ್ವೇ... ಇವನು ಯಾವತ್ತು ಹೀಗೆ ನಿಂತಿದ್ದ?"

ತಂಗಿ ತಲೆ ತಗ್ಗಿಸಿದಳು. ಅಮ್ಮ ಮಗನ ಮುಖವನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಹೋಗಿ, ತಾನೇ ಬಾಗಿಲಿಗೆ ಚಿಲಕ ಹಾಕಿದಳು.