ಒಳಗಿನಿಂದ ಮಂಜಾದ ಗಾಜು

ಹಳದಿ, ಮುಂದಿನ ಆಟೋದ ಬೆನ್ನಿನ ಈ ಹಳದಿ ಒಂದೇ ಕೈ ಬಳಿದದ್ದು, ಅದೂ ತೆಳು, ಅಡಿಯ ಕರಿ ಇಣುಕುತ್ತಿದೆ, ಅಣ್ಣನಾಗಿದ್ದರೆ ಮೊದಲು ಬಿಳಿ ಹೊಡೆದು ಆಮೇಲೆ ಹಳದಿಗೆ ಕೈ ಹಾಕುತ್ತಿದ್ದ, ಹಳದಿ ಮಹಾ ಕಳ್ಳ ಬಣ್ಣ ಕಣೋ ಉಪೇಂದ್ರಾ, ಅಡಿಗೆ ಬಿಳಿ ಇಲ್ಲದಿದ್ದರೆ ಮಾನ ಕಳೆಯುತ್ತೆ, ಅನ್ನುತ್ತಿದ್ದ — ಈಗ ಅನ್ನಲಾರ, ಪೋರೂರಿನ ಆಸ್ಪತ್ರೆಯಲ್ಲಿ ಮೂಗು ಬಾಯಿ ಮುಚ್ಚುವ ಮಾಸ್ಕು ಹಾಕಿಸಿಕೊಂಡು ಮಲಗಿದ್ದಾನೆ, ಮಾತು ಹೋಗಿ ಆರು ದಿನ. ಉಪೇಂದ್ರ ತೊಡೆಯ ಮೇಲಿನ ಸೀರೆ ಡಬ್ಬಿಯನ್ನು ಇನ್ನಷ್ಟು ಅವುಚಿಕೊಂಡ, ಟಿ. ನಗರದ ಯಾವುದೋ ಅಂಗಡಿಯ ಡಬ್ಬಿ, ಒಳಗೆ ಹತ್ತಿ, ಹತ್ತಿಯ ಮೇಲೆ ಒಂದು ಗೇಣಿನ ಯುದ್ಧವಿಮಾನ, ನಿಜದ ವಿಮಾನದ ನಲವತ್ತೆಂಟರಲ್ಲಿ ಒಂದು ಪಾಲು, ಅಂಟಿಸಿದವನು ತಾನು, ಬಣ್ಣ ಹಚ್ಚಿದವನು ಅಣ್ಣ, ಐವತ್ತೆಂಟು ವರ್ಷದ ಮುದುಕ ಆಟಿಕೆ ಹಿಡಿದು ಎಲ್ಲಿಗೆ ಹೊರಟ ಅಂತ ಯಾರಾದರೂ ಕೇಳಿದರೆ ಏನು ಹೇಳುವುದು, ಕ್ಷಮೆ ಕೇಳೋದಕ್ಕೆ ಹೊರಟೆ ಅನ್ನಲೇ, ಬಾಯಿ ಬರುವುದಿಲ್ಲ, ಅದಕ್ಕೇ ಡಬ್ಬಿ. ಎನ್ನ ಸಾರ್ ಪಣ್ರದು, ಮೆಟ್ರೋ ವೇಲೆ, ಎಲ್ಲಾ ಪಕ್ಕಮೂ ತೋಂಡಿಟ್ಟಾಂಗ, ಅಂತ ಆಟೋದವನು ಕೈ ಚೆಲ್ಲಿದ, ಹೌದಪ್ಪಾ, ತೋಡಿದ್ದಾರೆ, ಊರೆಲ್ಲ ತೋಡಿದ್ದಾರೆ, ಮೂರೂಕಾಲು ಆಯಿತು, ನಾಲ್ಕರಿಂದ ಐದರವರೆಗೆ ಮಾತ್ರ ಒಳಗೆ ಬಿಡುತ್ತಾರೆ.

ಇದೇ ಟಿ. ನಗರ, ಆ ಬದಿಯ ಓಣಿಯಲ್ಲಿ ಆ ಸಭಾಂಗಣ, ಹನ್ನೊಂದು ವರ್ಷದ ಹಿಂದೆ ಅಲ್ಲೇ ಮಾದರಿಗಳ ಪ್ರದರ್ಶನ, ಮೇಜಿನ ಮೇಲೆ ಇದೇ ವಿಮಾನ, ಅದರ ಮುಂದೆ ಚೀಟಿ, ತಯಾರಿಕೆ: ಉಪೇಂದ್ರ ರಾವ್, ಅಷ್ಟೇ, ಒಂದೇ ಹೆಸರು. ಬರೆಯುವಾಗ ಕೈ ತಡೆದಿತ್ತು, ಸುಳ್ಳು ಯಾಕೆ ಹೇಳಬೇಕು, ತಡೆದಿತ್ತು, ಚೀಟಿ ಚಿಕ್ಕದು, ಜಾಗವಿಲ್ಲ ಅಂತ ತನಗೆ ತಾನೇ ಹೇಳಿಕೊಂಡದ್ದೂ ನೆನಪಿದೆ, ಎಂಥ ಜಾಗ, ಎರಡು ಹೆಸರಿಗೆ ಬೇಕಾದಷ್ಟು ಜಾಗವಿತ್ತು. ಅಣ್ಣ ಬಂದ, ಓದಿದ, ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಓದಿದ, ಚೀಟಿ ಚೆನ್ನಾಗಿ ಬರೆದಿದ್ದೀ, ಅಂದ. ಬೈದಿದ್ದರೆ ಚೆನ್ನಾಗಿತ್ತು, ಕಪಾಳಕ್ಕೆ ಎರಡು ಬಿಗಿದಿದ್ದರೆ ಇನ್ನೂ ಚೆನ್ನಾಗಿತ್ತು. ಇಬ್ಬರೂ ಕೂಡಿದ್ದ ತ್ರಿಪ್ಲಿಕೇನಿನ ಮನೆಗೆ ಬಂದು ಕುಂಚಗಳನ್ನು ತೊಳೆದು ತುದಿ ಚೂಪು ಮಾಡಿ ತಮ್ಮನ ಮೇಜಿನ ಮೇಲೆ ಸಾಲಾಗಿ ಇಟ್ಟು, ಮುಂದಿನ ತಿಂಗಳು ಹೆಂಡತಿ ಮಗಳನ್ನು ಕರೆದುಕೊಂಡು ಪೋರೂರಿಗೆ ಹೋದ, ಆಮೇಲೆ ಎಲ್ಲಿ ಮಾತು, ವರ್ಷಕ್ಕೊಮ್ಮೆ ಅಪ್ಪನ ಶ್ರಾದ್ಧ, ಪಕ್ಕಪಕ್ಕದ ಮಣೆ, ಎಳ್ಳು ಈ ಕೈಯಿಂದ ಆ ಕೈಗೆ, ದರ್ಭೆ ಆ ಕೈಯಿಂದ ಈ ಕೈಗೆ, ಆಚಾರ್ಯರು ಹೇಳಿಕೊಟ್ಟ ಮಂತ್ರ ಇಬ್ಬರ ಬಾಯಲ್ಲೂ ಒಟ್ಟಿಗೆ, ಎಲೆ ಎತ್ತಿದ ಮೇಲೆ ಅವನ ದಾರಿ ಅವನಿಗೆ. ಅದೇ ಅಪ್ಪನನ್ನೇ ಅಲ್ಲವೇ ಅಣ್ಣ ಈ ವಿಮಾನದೊಳಗೆ ಕೂರಿಸಿದ್ದು, ತೊಗರಿಬೇಳೆಯಷ್ಟು ಪೈಲಟ್ ಮುಖ, ಅದಕ್ಕೆ ಅಪ್ಪನ ಮೀಸೆ, ಹೆಲ್ಮೆಟ್ಟಿನ ಕೆಳಗೆ ಉಳಿದ ಚೂರು ಹಣೆಯಲ್ಲಿ ಅಂಗಾರದ ಕರಿಗೆರೆ, ಊಟವಾದ ಮೇಲೆ ಇಡುವ ಅಕ್ಷತೆಯ ಕೆಂಪು ಚುಕ್ಕಿ. ಥೂ, ಯುದ್ಧಕ್ಕೆ ಹೊರಟವನಿಗೆ ಅಂಗಾರ ಅಕ್ಷತೆಯೇ, ಅಂತ ತಾನು ನಕ್ಕರೆ, ಹೋಗೋ, ಊಟ ಮುಗಿಸಿಯೇ ಹೊರಟಿದ್ದಾರೆ ಅಪ್ಪ, ಅಂದ ಅಣ್ಣ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕದ್ದು, ಒಳಗಿನಿಂದ ಅಮ್ಮ ಭೀಮಾಬಾಯಿ, ಏನ್ರೋ ಅದು ಇಬ್ಬರಿಗೂ, ಅಂತ ಕೂಗಿದ್ದು.

ಬೆಳಿಗ್ಗೆ ಎಂಟಕ್ಕೆ ಅಕ್ಷಯಾ ಫೋನು, ಅಣ್ಣನ ಮಗಳು, ಚಿತ್ತಪ್ಪಾ, ಅಪ್ಪಾ ಏದೋ ಎಳುದಿರುಕ್ಕಾರು, ಎನಕ್ಕು ಪಡಿಕ್ಕ ತೆರಿಯಲ, ಪಾಪ, ಕನ್ನಡ ಆಡಿದರೆ ಅರ್ಥವಾಗುತ್ತದೆ, ಓದಲು ಬಾರದು, ಅಪ್ಪ ಬರೆದದ್ದರ ಫೋಟೋ ಕಳಿಸಿದಳು, ನಡುಗುವ ಅಕ್ಷರ, ವಿಮಾನ ತೋರಿಸು. ಡಾಕ್ಟರ್ ಏನಂದರಮ್ಮಾ, ಅಂದರೆ, ಇನ್ನಿಕ್ಕೇ ವಂದುಡುಂಗ ಚಿತ್ತಪ್ಪಾ, ಇವತ್ತೇ ಬಂದುಬಿಡಿ, ಅಷ್ಟೇ ಅಂದಳು. ಅಟ್ಟದ ಪೆಟ್ಟಿಗೆ ಇಳಿಸಿ, ಧೂಳು ಊದಿ, ಪೈಲಟ್ ತಲೆಯ ಮೇಲಿನ ಗಾಜಿನ ಮುಚ್ಚಳವನ್ನು, ಕ್ಯಾನೊಪಿಯನ್ನು, ಬ್ಲೇಡಿನ ಮೊನೆಯಿಂದ ಮೆಲ್ಲಗೆ ಬಿಡಿಸಿದ್ದು, ಅಣ್ಣ ಬಿಟ್ಟುಹೋದ ಕುಂಚಗಳಲ್ಲಿ ಎಲ್ಲಕ್ಕಿಂತ ಸಣ್ಣದನ್ನು ಹುಡುಕಿದ್ದು, ಪೈಲಟ್ ಮಗ್ಗುಲಲ್ಲಿ ಬಿಳಿಯಲ್ಲಿ ಬರೆದದ್ದು, ಬಣ್ಣ: ಮಧ್ವರಾಜ, ಅಣ್ಣನ ಹೆಸರು. ನಾಲ್ಕು ಸಲ ಅಳಿಸಿ ಐದನೆಯ ಸಲ ಸರಿಯಾಯಿತು, ಮ, ಧ್ವ — ಆ ಒತ್ತಕ್ಷರ ಬರುವಷ್ಟರಲ್ಲಿ ಬೆನ್ನು ಸೆಟೆದುಹೋಯಿತು, ಆದರೂ ಬರೆದ, ಹನ್ನೊಂದು ವರ್ಷ ಬಾಯಲ್ಲಿ ಬಾರದ್ದನ್ನು ಅಷ್ಟು ಚಿಕ್ಕ ಜಾಗದಲ್ಲಿ ಬರೆದ, ಆಗ ಗಂಟೆ ಎರಡು. ಇನ್ನು ಗಾಜು ಕೂರಿಸಬೇಕು. ಗಾಜಿಗೆ ಬಿಳಿ ಗೋಂದು, ಅದು ನಿಯಮ, ಬಿಳಿ ಗೋಂದು ಒಣಗಲು ಒಂದು ರಾತ್ರಿ ಬೇಕು, ಅಣ್ಣನಿಗೆ ಒಂದು ರಾತ್ರಿ ಇದೆಯೋ ಇಲ್ಲವೋ. ಎರಡು ಚೂರು ಟೇಪು ಹಾಕಿದ್ದರೂ ಸಾಕಿತ್ತು, ಹಾಕಲಿಲ್ಲ, ಟೇಪು ಮೆತ್ತಿದ ವಿಮಾನವನ್ನು ಅಣ್ಣನ ಮುಂದೆ ಹಿಡಿಯುವುದೇ, ಛೆ, ತನ್ನ ಕೆಲಸಕ್ಕೆ ಅವಮಾನ — ಇದೇ, ಈ ಜಂಭವೇ ಅಂದು ಚೀಟಿ ಬರೆಸಿದ್ದು. ಡ್ರಾಯರಿನಲ್ಲಿ ಸೂಪರ್ ಗ್ಲೂ ಇತ್ತು. ಎರಡು ತೊಟ್ಟು, ಮೂವತ್ತು ಎಣಿಸುವಷ್ಟರಲ್ಲಿ ಕಚ್ಚಿತು, ಹತ್ತಿಯ ಮೇಲಿಟ್ಟು, ಮುಚ್ಚಳ ಹಾಕಿ, ದಾರ ಬಿಗಿದು ಹೊರಟ.

ಅಂಟಿನ ಹೊಗೆ! ಕೋಡಂಬಾಕ್ಕಂ ಸೇತುವೆ ದಾಟಿದ ಮೇಲೆ, ಸಿಗ್ನಲ್ಲಿನಲ್ಲಿ, ಯಾವುದೋ ಬೈಕಿನ ಪೆಟ್ರೋಲು ವಾಸನೆ ಮೂಗಿಗೆ ಹೊಡೆದಾಗ ನೆನಪಾಗುತ್ತದೆ, ಆಗಲೇ ನೆನಪಾಗಬೇಕೇ, ಸೂಪರ್ ಗ್ಲೂ ಒಣಗುವಾಗ ಉಗುಳುವ ಆವಿ ಗಾಜಿನ ಮೇಲೆ ಕೂತು ಬಿಳಿಚಿಕೊಳ್ಳುತ್ತದೆ, ಡಬ್ಬಿ ಮುಚ್ಚಿದ್ದರಂತೂ ಮುಗಿಯಿತು, ಎಷ್ಟು ಜನಕ್ಕೆ ತಾನೇ ಹೇಳಿಕೊಟ್ಟಿಲ್ಲ, ಅವಸರದ ಅಂಟಿಗೆ ಆಯುಷ್ಯದ ಮಂಜು, ಇದು ಅಣ್ಣನೇ ಕಟ್ಟಿದ ಗಾದೆ, ದಾರ ಬಿಚ್ಚು, ಬಿಚ್ಚು ಮೊದಲು, ಗಂಟು ಬಿಗಿದುಕೊಂಡಿದೆ, ಹಲ್ಲಿನಿಂದ ಕಚ್ಚಿ ಕಿತ್ತ. ಬೆಳ್ಳಗೆ. ಗಾಜೆಲ್ಲ ಬೆಳ್ಳಗೆ, ಹಾಲಿನ ಲೋಟ ತೊಳೆಯದೆ ಇಟ್ಟಂತೆ, ಒಳಗೆ ಅಪ್ಪನ ಮುಖವಿಲ್ಲ, ಅಂಗಾರವಿಲ್ಲ, ಹೆಸರಿಲ್ಲ. ಅಯ್ಯೋ ಮಂಕೇ, ನಲವತ್ತು ವರ್ಷದ ಕೈ, ಬುದ್ಧಿ ಎಲ್ಲಿ ಮೇಯಲು ಹೋಗಿತ್ತು. ಅಂಗಿಯ ತುದಿಯಿಂದ ಒರೆಸಿದ, ಹೋಗದು, ಮಂಜು ಒಳಗಡೆ, ಒರೆಸಿದರೆ ಹೇಗೆ ಹೋದೀತು. ಒಡೆಯಬೇಕು. ಹೆಬ್ಬೆರಳಿಟ್ಟು ಒಂದು ಸಲ ಒತ್ತಿದರೆ ಚಟ್ ಅಂತ ಒಡೆಯುತ್ತದೆ, ಹೆಸರು ಹೊರಗೆ ಬರುತ್ತದೆ. ಹೆಬ್ಬೆರಳು ಇಟ್ಟ, ತೆಗೆದ, ಇಟ್ಟ, ಚೂರು ತಾಗಿ ಅಪ್ಪನ ಮುಖ ಗೀರಿದರೆ, ಬಣ್ಣ ಎದ್ದರೆ, ಆಸ್ಪತ್ರೆಗೆ ಹೋಗಿಯೇ ನೋಡೋಣ, ನಿಧಾನವಾಗಿ, ಬ್ಲೇಡು ಸಿಕ್ಕರೆ — ನಿಧಾನವಂತೆ. ಎನ್ನ ಸಾರ್, ಒಡಂಜಿರುಚ್ಚಾ, ಅಂತ ಆಟೋದವನು ಕನ್ನಡಿಯಲ್ಲಿ ನೋಡಿ ಕೇಳಿದ. ಇಲ್ಲಪ್ಪಾ, ಒಡೆದಿಲ್ಲ, ಅದೇ ಬಂದಿರೋದು ಗ್ರಹಚಾರ.

ನಾಲ್ಕೂ ನಲವತ್ತು, ಲಿಫ್ಟು, ಕೈಗೆ ಹಚ್ಚಿದ ಸ್ಪಿರಿಟ್ಟಿನ ತಂಪು, ಅಂಜು ನಿಮಿಷಂದಾನ್ ಸಾರ್, ಐದೇ ನಿಮಿಷ ಅಂದಳು ನರ್ಸು, ಅಕ್ಷಯಾ ಬಾಗಿಲಲ್ಲೇ ನಿಂತಳು, ಹೋಗಿ ಚಿತ್ತಪ್ಪಾ. ಅಣ್ಣ ಇಷ್ಟು ಚಿಕ್ಕವನಾಗಿದ್ದು ಯಾವಾಗ. ಮಾಸ್ಕು ಮಂಜಾಗುತ್ತದೆ, ತಿಳಿಯಾಗುತ್ತದೆ, ಮಂಜಾಗುತ್ತದೆ, ತಿಳಿಯಾಗುತ್ತದೆ, ಉಸಿರು ಬಿಟ್ಟಾಗ ಬೆಳ್ಳಗೆ, ಎಳೆದುಕೊಂಡಾಗ ತುಟಿ ಕಾಣುತ್ತದೆ, ಎಷ್ಟು ಸಲೀಸು, ಈ ಮಂಜು ತಾನಾಗಿ ಬಂದು ತಾನಾಗಿ ಹೋಗುತ್ತದೆ. ಅಣ್ಣಾ, ಅಂದ. ಕಣ್ಣು ತೆರೆಯಿತು. ಹೇಳು, ಒಳಗೆ ನಿನ್ನ ಹೆಸರಿದೆ ಅಂತ ಹೇಳು, ಮೂರು ಮಾತು, ತಪ್ಪಾಯಿತು ಅಂದರೆ ಇನ್ನೂ ಸುಲಭ, ಒಂದೇ ಮಾತು, ಹೇಳೋ ದರಿದ್ರದವನೇ — ದಾರಿಯಲ್ಲಿ ಬಹಳ ಜಾಮು ಅಣ್ಣಾ, ಅದಕ್ಕೇ ತಡವಾಯಿತು, ಅಂದ. ವಿಮಾನವನ್ನು ಮುಖದ ಹತ್ತಿರ ಹಿಡಿದ. ಅಣ್ಣ ರೆಕ್ಕೆ ನೋಡಿದ, ಬಾಲ ನೋಡಿದ, ತಾನೇ ಬಳಿದ ಹಸಿರನ್ನು ನೋಡಿದ, ಆಮೇಲೆ ಗಾಜು. ಕಣ್ಣು ಅಲ್ಲೇ ನಿಂತಿತು. ಸೂಜಿ ಚುಚ್ಚಿದ ಕೈ ಹಾಸಿಗೆಯಿಂದ ಎದ್ದು ಬಂತು, ಹೆಬ್ಬೆರಳು ಗಾಜಿನ ಮೇಲೆ, ಒರೆಸುತ್ತಾನೆ, ಪಾಪ ಒರೆಸುತ್ತಿದ್ದಾನೆ, ಹೊರಗಿನ ಮಂಜು ಅಂದುಕೊಂಡಿದ್ದಾನೆ, ಮತ್ತೆ, ಮತ್ತೆ, ಆಮೇಲೆ ಬೆರಳು ಸರಿದಾಡುವುದು ನಿಂತು ಒಂದೇ ಕಡೆ ಕೂತಿತು, ಉಗುರು ಬೆಳ್ಳಗಾಯಿತು, ಗಾಜು ಕಿರ್ ಅಂತು, ಮೆಲ್ಲಗೆ ಅಣ್ಣಾ, ಮುರಿದೀತು, ಅಂತ ಉಪೇಂದ್ರ ವಿಮಾನವನ್ನು ಹಿಂದಕ್ಕೆ ಎಳೆದುಕೊಂಡ.

ಎಳೆದುಕೊಂಡ ಮೇಲೆ ಗೊತ್ತಾಯಿತು. ಒರೆಸುತ್ತಿರಲಿಲ್ಲ, ಒತ್ತುತ್ತಿದ್ದ. ಬಣ್ಣದವನಿಗೆ ಅಂಟಿನ ಮಂಜು ಗೊತ್ತಿರುವುದಿಲ್ಲವೇ, ನೋಡಿದೊಡನೆ ಗೊತ್ತಾಗಿತ್ತು ಅವನಿಗೆ, ಅಪ್ಪನ ಮುಖ ಬೇಕಾಗಿತ್ತು, ಒಡೆಯೋ ಅಂತ ಬೆರಳಲ್ಲಿ ಹೇಳುತ್ತಿದ್ದ, ಮುರಿದೀತು ಅಂದೆನಲ್ಲಾ, ಹನ್ನೊಂದು ವರ್ಷದ ಮೇಲೆ ಆಡಿದ್ದು ಎರಡು ಮಾತು, ಒಂದು ಜಾಮು, ಇನ್ನೊಂದು ಮುರಿದೀತು. ತಗೋ ಅಣ್ಣಾ, ಒಡಿ, ಒತ್ತು, ಅಂತ ವಿಮಾನವನ್ನು ಮತ್ತೆ ಆ ಬೆರಳಿನ ಕೆಳಗೆ ಇಟ್ಟ, ಬೆರಳು ಜಾರಿ ಹಾಸಿಗೆಗೆ ಬಿತ್ತು, ಎತ್ತಿ ಇಟ್ಟ, ಜಾರಿತು, ಯಾವುದೋ ಯಂತ್ರ ಕೂಗುತ್ತಿದೆ, ನಗರುಂಗ ಸಾರ್, ನರ್ಸು ಭುಜ ಹಿಡಿದು ಸರಿಸುತ್ತಿದ್ದಾಳೆ, ಅಪ್ಪಾ, ಅಪ್ಪಾ, ಅನ್ನುತ್ತಿದ್ದಾಳೆ ಅಕ್ಷಯಾ, ಉಪೇಂದ್ರ ಮಾಸ್ಕನ್ನೇ ನೋಡುತ್ತಿದ್ದಾನೆ, ಮಂಜಾಗುತ್ತದೆ, ತಿಳಿಯಾಗುತ್ತದೆ, ಮಂಜಾಗುತ್ತದೆ — ತಿಳಿಯಾಯಿತು, ತುಟಿ ಕಾಣುತ್ತಿದೆ, ಸ್ವಚ್ಛ ಕಾಣುತ್ತಿದೆ, ಇನ್ನೂ ತಿಳಿಯಾಗಿಯೇ ಇದೆ, ಕೈಯಲ್ಲಿ ಗಾಜು ಬೆಳ್ಳಗೆ, ಅದರ ಮೇಲೆ ಅಣ್ಣನ ಹೆಬ್ಬೆರಳ ಗುರುತು, ಒಳಗೆ ಬೆಳ್ಳಗೆ, ಬೆಳ್ಳಗೆ