ಅಳದ ಸ್ಟೀಲ್ ಗಿಟಾರ್

ವಿಮರ್ಶೆ ಓದಿ ಮುಗಿಸುವಷ್ಟರಲ್ಲಿ ತಟ್ಟೆಯ ಮೊಟ್ಟೆಯೂ ಜೋಳದ ಗಂಜಿಯೂ ತಣ್ಣಗಾಗಿದ್ದವು. ಕುದಿಯುತ್ತಿದ್ದವಳು ರೇಲೀನ್ ಸ್ಟಬಲ್‌ಫೀಲ್ಡ್ ಒಬ್ಬಳೇ. ಅವಳು ಹಾಡಿದ ಹೊಸ ಆಲ್ಬಮ್ಮನ್ನು ಬಿಡುಗಡೆಗೆ ಮೊದಲೇ ಕೇಳಿ ಬರೆದವನು ಪ್ರೆಸ್ಟನ್ ವಿಂಗೋ. ಅಮೆರಿಕದ ಹಳ್ಳಿಹಾಡುಗಳ ರಾಜಧಾನಿ ನ್ಯಾಶ್‌ವಿಲ್‌ನಲ್ಲಿ ಯಾವುದು ಕಂಟ್ರಿ ಸಂಗೀತ, ಯಾವುದಲ್ಲ ಎಂದು ತೀರ್ಪು ಕೊಡುವ ಗುತ್ತಿಗೆ ಹಿಡಿದವನಂತೆ ಬರೆಯುವ ಆಸಾಮಿ.

ರೇಲೀನ್ ಅವನ ಹಾಗೇ ಮೂಗು ಹಿಡಿದುಕೊಂಡು ಜೋರಾಗಿ ಓದಿದಳು. "'ಅಯ್ಯೋ, ಸ್ಟೀಲ್ ಗಿಟಾರ್ ಎಲ್ಲಿ? ಕಂಟ್ರಿಯ ಕಣ್ಣೀರನ್ನೇ ಈಕೆ ಒರೆಸಿ ಬಿಸಾಡಿದ್ದಾಳೆ! ಯಾವನೋ ಇಪ್ಪತ್ತರ ರಾಕ್ ಪುಂಡ ಗಿಟಾರನ್ನು ಗರಗಸ ಮಾಡಿಕೊಂಡು ಕಿವಿ ಕುಯ್ದಿದ್ದಾನೆ!'"

ಆ ಪುಂಡ ಎದುರಿಗೇ ಕೂತು ಕಾಫಿ ಹೀರುತ್ತಿದ್ದ. ಹಾರ್ಲನ್ ಟ್ಯಾಕೆಟ್, ಎಪ್ಪತ್ತು ದಾಟಿದವನು. ಜೀವಮಾನವಿಡೀ ಮೇಜಿನಂಥ ಸ್ಟೀಲ್ ಗಿಟಾರಿನ ಮುಂದೆ ಕೂತು, ಪೆಡಲ್ ಒತ್ತಿ, ತಂತಿಗಳಿಂದ ಕಂಟ್ರಿ ಹಾಡಿನ ಆ ಅಳುವ ನಾದ ಹೊರಡಿಸಿದವನು. ಈ ಆಲ್ಬಮ್ಮಿಗೆ ಮಾತ್ರ ಅದೇ ವಾದ್ಯವನ್ನು ಹರಿದ ಸ್ಪೀಕರಿಗೆ ಸಿಕ್ಕಿಸಿ, ರಾಕ್ ಗಿಟಾರಿನಂತೆ ಗರ್ಜಿಸುವ ಹಾಗೆ ಮಾಡಿದ್ದ.

"ಇಪ್ಪತ್ತು ಅಂತಾನಾ? ಆ ಪೇಪರ್ ಇಲ್ಲಿ ಕೊಡು, ನಮ್ಮನೇವಳಿಗೆ ತೋರಿಸ್ಬೇಕು."

"ಮಾಮಾ, ನಗಬೇಡ. ಸಿಟ್ಟು ಮಾಡ್ಕೋ!"

ಅಷ್ಟರಲ್ಲಿ ಆಲ್ಬಮ್ ಹೊರತರುವ ಕಂಪನಿಯ ಬ್ರೈಸ್ ಫೋನ್ ಮಾಡಿದ. ರೇಲೀನ್ ಸ್ಪೀಕರ್ ಹಾಕಿದಳು.

"ರೇಡಿಯೋದವ್ರು ವಿಮರ್ಶೆ ಓದಿ ನಿನ್ ಹಾಡು ಹಾಕೋಕೆ ಹಿಂದೇಟು ಹೊಡೀತಿದಾರಮ್ಮ. ಆ ರಾಕ್ ಗಿಟಾರ್ ಅಳಿಸಿಹಾಕಿ ಸ್ಟೀಲ್ ತುಂಬಿಸೋಣ. ಮಧ್ಯಾಹ್ನಕ್ಕೆ ಸ್ಟುಡಿಯೋ ಹಿಡಿದಿದೀನಿ. ನಮ್ ಹುಡುಗ್ರು ಒಬ್ಬ ಒಳ್ಳೇ ವಾದಕನ್ನ ಕರೆದಿದಾರೆ. ಯಾರೋ ಹಾರ್ಲನ್ ಟ್ಯಾಕೆಟ್ ಅಂತೆ."

ರೇಲೀನ್ ಹಾರ್ಲನ್‌ನನ್ನು ದುರುಗುಟ್ಟಿಕೊಂಡು ನೋಡಿದಳು. "ಒಪ್ಕೊಂಡ್ಯಾ?"

"ಕರೆದ್ರು, ಹೂಂ ಅಂದೆ. ಯಾರ ಹಾಡು ಅಂತ ಅವ್ರು ಹೇಳಲ್ಲ, ನಾವು ಕೇಳಲ್ಲ. ಈ ಊರಲ್ಲಿ ಕೆಲಸ ನಡೆಯೋದೇ ಹಾಗೆ." ಅವನ ಮುಖದ ನಗು ಮಾಯವಾಗಿತ್ತು. "ನನ್ನನ್ನ ಅಳಿಸೋಕೆ ನನ್ನನ್ನೇ ಕರೆದಿದಾರಾ!"

"ಬ್ರೈಸ್, ಕಿವಿ ತೊಳ್ಕೊಂಡು ಕೇಳು," ಎಂದು ರೇಲೀನ್ ಕಿರುಚಿದಳು. "ನೀನು ಅಳಿಸ್ತೀನಿ ಅಂತಿರೋದೇ ಸ್ಟೀಲ್! ಬಾರಿಸಿದ್ದೂ ಹಾರ್ಲನ್ನೇ!"

ಬ್ರೈಸ್ ಗಂಟಲು ಸರಿಮಾಡಿಕೊಂಡ. "ಇರ್ಬಹುದು. ಆದ್ರೆ ಸ್ಟೀಲ್ ಅಂದ್ಮೇಲೆ ಅಳ್ಬೇಕು."

ಹಾರ್ಲನ್ ಫೋನಿನತ್ತ ಬಗ್ಗಿದ. "ಊರೋರ ವಿಚ್ಛೇದನದ ಹಾಡಿಗೆಲ್ಲ ಬಾಡಿಗೆಗೆ ಅತ್ತಿದೀನಪ್ಪಾ. ನಾನು ಸಿಟ್ಟಿಂದ ಬಾರಿಸಿದ್ದನ್ನ ಮುಚ್ಚೋಕೆ ನಾನೇ ಕೂತು ಅಳಲ್ಲ."

"ಬೇರೆಯವ್ರು ಅಳ್ತಾರೆ ಬಿಡಿ. ರೇಲೀನ್, ಬದಲಾವಣೆಗೆ ನಿನ್ ಸಹಿ ಒಂದು ಬೇಕು."

"ಹಾಕಲ್ಲ."

"ಹಾಗಾದ್ರೆ ರೇಡಿಯೋ ಮರೆತ್ಬಿಡು."

"ಮರೆತೆ!" ಅವಳು ಫೋನನ್ನು ಮೇಜಿಗೆ ಕುಕ್ಕಿದಳು.

ಹಾರ್ಲನ್ ಮೆಲ್ಲಗೆ ಕೇಳಿದ: "ಒಂದ್ ಗಳಿಗೆ ಯೋಚನೆ ಮಾಡ್ಬಾರ್ದಿತ್ತಾ ಮಗಳೇ?"

"ಮಾಡಿದ್ರೆ ಹೂಂ ಅಂದ್ಬಿಡ್ತಿದ್ದೆ, ಮಾಮಾ."